ಗಣಕಯಂತ್ರಕ್ಕೆ ಕಂಬಳಿ

ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಪುಣೆಯಲ್ಲಿ ನೌಕರಿಯಲ್ಲಿರುವವನು, ಚಹಾ ಕುಡಿಯುತ್ತ ನಗು ತಡೆದುಕೊಂಡು ಕೇಳಿದ: "ಸರ್, ಕಂಪ್ಯೂಟರಿಗೆ ಕಂಬಳಿ ಹೊಚ್ಚೀರಂತಲ್ರೀ, ಖರೇ ಏನ್ರೀ?" ಈ ಸುದ್ದಿ ಕಿತ್ತೂರಿನಿಂದ ಪುಣೆಯವರೆಗೆ ಹೋಗಿದೆಯೆಂದಮೇಲೆ ಇನ್ನೂ ಎಲ್ಲೆಲ್ಲಿಗೆ ಹೋಗಿದೆಯೋ ತಿಳಿಯದು. ಆದಕಾರಣ ನಡೆದುದನ್ನು ನಡೆದಂತೆ ಬರೆದಿಡುವುದೇ ಲೇಸೆಂದು ತೋರಿತು. ಕಂಬಳಿಯ ಮಾತು ನಿಜ; ಹೊದಿಸಿದ ಮಾತು ನಿಜವಲ್ಲ. ನಡೆಯುತ್ತಿರುವ ಗಣಕಯಂತ್ರಕ್ಕೆ ಹೊರಗಿನಿಂದ ಕಂಬಳಿ ಹೊದಿಸಿದರೆ ಅದರ ಗಾಳಿಯ ದಾರಿ ಮುಚ್ಚಿ, ಒಳಗಿನ ಬಿಸಿ ಒಳಗೇ ಉಳಿದು, ಯಂತ್ರವು ತನ್ನನ್ನು ಉಳಿಸಿಕೊಳ್ಳಲು ಫ್ಯಾನುಗಳನ್ನು ಇನ್ನೂ ಜೋರಾಗಿ ತಿರುಗಿಸುತ್ತದೆ. ಸದ್ದು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ನಾನು ಕಂಬಳಿಯನ್ನು ಉಪಯೋಗಿಸಿದ್ದು ಪೆಟ್ಟಿಗೆಯ ಒಳಮೈಗೆ. ಅದೂ ಕೊನೆಯ ಉಪಾಯವಾಗಿ.

ಸದ್ದಡಗಿಸುವ ಅಗತ್ಯವೇನು ಬಂದಿತ್ತೆಂಬುದನ್ನು ಮೊದಲು ಹೇಳಬೇಕು. ನಮ್ಮ ಮನೆತನದ ಹಳೆಯ ಭಾವಚಿತ್ರಗಳು ಎರಡು ಟ್ರಂಕುಗಳಲ್ಲಿ ತುಂಬಿವೆ. ಅವುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವವರ ಹೆಸರು ಬರೆದಿಡುವ ಕೆಲಸವನ್ನು ನಿವೃತ್ತಿಯ ನಂತರ ಕೈಗೆತ್ತಿಕೊಂಡೆ. ಸ್ಕ್ಯಾನ್ ಮಾಡಲು ಯಾರಾದರೂ ಸಾಕು. ಆದರೆ ಹೆಸರು ಹೇಳಬಲ್ಲವರು ಈಗ ನಮ್ಮಲ್ಲಿ ಒಬ್ಬರೇ ಉಳಿದಿದ್ದಾರೆ, ನನ್ನ ಹಿರಿಯ ಅಕ್ಕ. ವಯಸ್ಸು ಎಂಬತ್ತು ದಾಟಿದೆ. ಕಣ್ಣು ಚುರುಕಾಗಿವೆ, ನೆನಪು ನನ್ನದಕ್ಕಿಂತ ಗಟ್ಟಿಯಾಗಿದೆ. ಕಿವಿ ಮಾತ್ರ ಮಂದ. ರಾಮದುರ್ಗದ ಕಡೆ ಮದುವೆಯಾಗಿ ಹೋದ ಅಕ್ಕ ನಲವತ್ತು ವರ್ಷ ವಿದ್ಯುತ್ ಮಗ್ಗಗಳ ಪಕ್ಕದಲ್ಲಿ ಸಂಸಾರ ಮಾಡಿದಳು. ಲಾಳಿ ಅತ್ತಿಂದಿತ್ತ ಹೊಡೆಯುವ ಮಗ್ಗಗಳ ಮನೆಯಲ್ಲಿ ಸದ್ದು 90 ಡೆಸಿಬೆಲ್ಲಿಗೂ ಮೀರಿರುತ್ತದೆ. ದಿನಕ್ಕೆ ಎಂಟು ಹತ್ತು ತಾಸು, ವರ್ಷಗಟ್ಟಲೆ ಅದನ್ನು ಕೇಳಿದ ಕಿವಿ ಮೊದಲು ಕಳೆದುಕೊಳ್ಳುವುದು 4000 ಹರ್ಟ್ಸ್ ಸುತ್ತಮುತ್ತಲಿನ ಎತ್ತರದ ಸ್ವರಗಳನ್ನು. ಆಮೇಲೆ ಮುಪ್ಪು ಬಂದು ಉಳಿದುದನ್ನೂ ಕರಗಿಸುತ್ತದೆ.

ನಮ್ಮ ಮಾತಿನಲ್ಲಿ ಸ್ವರಾಕ್ಷರಗಳ ಬಲ ತಗ್ಗಿನ ಕಂಪನಗಳಲ್ಲಿದೆ. ಸ, ಶ, ಚ, ತ, ಕ ಮೊದಲಾದ ವ್ಯಂಜನಗಳ ಗುರುತು ಎತ್ತರದ ಕಂಪನಗಳಲ್ಲಿದೆ. ಆದ್ದರಿಂದ ಇಂಥವರಿಗೆ ಮಾತು ಕೇಳುತ್ತದೆ, ತಿಳಿಯುವುದಿಲ್ಲ. ಕಾಯಿ, ತಾಯಿ, ಸಾಯಿ ಎಂಬ ಮೂರೂ ಅಕ್ಕನ ಕಿವಿಗೆ "ಆಯಿ" ಎಂದೇ ಬೀಳುತ್ತವೆ. ಶ್ರವಣಯಂತ್ರ ಹಾಕಿದಾಗ ಎಷ್ಟೋ ವಾಸಿ. ಆದರೆ ಅವಳ ಬಳಿಯಿರುವ ಯಂತ್ರ ಹಳೆಯದು. ನನ್ನ ಮಾತನ್ನು ದೊಡ್ಡದು ಮಾಡುವಾಗ ಪಕ್ಕದ ಗಣಕಯಂತ್ರದ ಗುಂಯ್‌ಗುಡುವಿಕೆಯನ್ನೂ ದೊಡ್ಡದು ಮಾಡುತ್ತದೆ. ಇದರ ಮೇಲೆ ಕಿವಿಯ ಸ್ವಭಾವವೊಂದಿದೆ: ತಗ್ಗಿನ ಸ್ವರವು ತನಗಿಂತ ಮೇಲಿನ ಸ್ವರಗಳನ್ನು ಸುಲಭವಾಗಿ ಮರೆಮಾಡುತ್ತದೆ, ಮೇಲಿನದು ಕೆಳಗಿನದನ್ನು ಅಷ್ಟಾಗಿ ಮರೆಮಾಡಲಾರದು. ಅಂದರೆ ನಮಗೆ ಗಮನಕ್ಕೂ ಬಾರದ ಒಂದು ಮೆಲ್ಲನೆಯ ಗುಂಯ್‌ಕಾರ ಅಕ್ಕನಿಗೆ ಉಳಿದಿದ್ದ ಅಷ್ಟಿಷ್ಟು ವ್ಯಂಜನಗಳನ್ನೂ ನುಂಗಿಬಿಡುತ್ತಿತ್ತು. ಒಂದು ದಿನ ಅವಳು ಕುರ್ಚಿಯಿಂದ ಎದ್ದು, "ತಮ್ಮಾ, ನೀ ಏನ ಕೇಳಾಕತ್ತಿ ಅನ್ನೂದ ತಿಳೀವಲ್ತು. ಆ ಡಬ್ಬಿ ನಿನಗಿಂತ ಮೊದಲ ಮಾತಾಡತೈತಿ" ಎಂದು ಒಳಗೆ ಹೋದಳು. ಮರುದಿನ ಕರೆದರೂ ಬರಲಿಲ್ಲ. ಯಂತ್ರವನ್ನು ಬೇರೆ ಕೋಣೆಯಲ್ಲಿಡುವ ಹಾಗಿರಲಿಲ್ಲ. ಪರದೆಯ ಮೇಲೆ ಮುಖವನ್ನು ದೊಡ್ಡದು ಮಾಡಿ ತೋರಿಸಿದಾಗಲೇ ಅವಳಿಗೆ ಗುರುತು ಹತ್ತುತ್ತಿದ್ದುದು. ಯಂತ್ರವೂ ಅಕ್ಕನೂ ಒಂದೇ ಪಡಸಾಲೆಯಲ್ಲಿರಬೇಕು, ಮತ್ತು ಅಕ್ಕನಿಗೆ ನನ್ನ ಮಾತು ತಿಳಿಯಬೇಕು. ಸಮಸ್ಯೆ ಇಷ್ಟು.

ಬೈಲಹೊಂಗಲದಲ್ಲಿ ಗಣಕಯಂತ್ರ ಜೋಡಿಸಿಕೊಡುವ ಅಂಗಡಿ ಇಟ್ಟಿರುವ ಇನ್ನೊಬ್ಬ ಹಳೆಯ ವಿದ್ಯಾರ್ಥಿಯ ಬಳಿಗೆ ಹೋದೆ. ಸದ್ದು ಹೀರುವ ಹಾಳೆಗಳನ್ನು ಒಳಗೆ ಅಂಟಿಸಿದ ಕ್ಯಾಬಿನೆಟ್ಟುಗಳೇ ಸಿದ್ಧವಾಗಿ ಬರುತ್ತವೆ, ತರಿಸೋಣವೇ ಎಂದು ಆತ ಕೇಳಿದ. ಅವುಗಳ ಬೆಲೆ ನನ್ನ ಕೆಲಸಕ್ಕೆ ಹೆಚ್ಚೆನಿಸಿತು. ಅದಕ್ಕಿಂತ ಮುಖ್ಯವಾಗಿ, ಯಾವ ಸದ್ದು ಎಲ್ಲಿಂದ ಹುಟ್ಟುತ್ತಿದೆ ಎಂದು ತಿಳಿಯದೆ ಔಷಧಿ ಕೊಳ್ಳುವುದು ನನ್ನ ವಿಜ್ಞಾನದ ಪಾಠಕ್ಕೆ ಒಪ್ಪುವ ಮಾತಲ್ಲ. ಕ್ಯಾಲೆಂಡರಿನ ಹಾಳೆಯೊಂದನ್ನು ಸುರುಳಿ ಸುತ್ತಿ ವೈದ್ಯರ ನಳಿಗೆಯಂತೆ ಕಿವಿಗೆ ಹಿಡಿದು ಪೆಟ್ಟಿಗೆಯ ಸುತ್ತಲೂ ಆಲಿಸಿದೆ. ನಂತರ ಅಂಗೈಯನ್ನು ತಗಡಿನ ಒಂದೊಂದು ಮೈಗೂ ಒತ್ತಿ ನೋಡಿದೆ. ಒಂದೇ ಸದ್ದೆಂದು ತೋರುತ್ತಿದ್ದುದು ಮೂರು ಸದ್ದುಗಳ ಕೂಟವಾಗಿತ್ತು. ಒಂದು, ಫ್ಯಾನಿನ ಎಲೆಗಳು ಗಾಳಿಯನ್ನು ಸೀಳುವ ಸುಯ್ಯೆಂಬ ಸದ್ದು. ಎರಡು, ಹಾರ್ಡ್ ಡಿಸ್ಕಿನ ತಿರುಗಾಟ ತಗಡಿಗೆ ಇಳಿದು ಇಡೀ ಪೆಟ್ಟಿಗೆಯೇ ಗುಂಯ್‌ಗುಡುವುದು. ಮೂರು, ಪಕ್ಕದ ಬಾಗಿಲು ಸಡಿಲವಾಗಿ ಆಗಾಗ ಚಟಚಟಿಸುವುದು. ಮೂರಕ್ಕೂ ಬೇರೆ ಬೇರೆ ಮದ್ದು. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ಈ ಪುಟ್ಟ ವ್ಯವಹಾರದಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಇದೇ.

ಹುಟ್ಟಿದ ಸದ್ದನ್ನು ಅಡಗಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಸುಲಭ. ಫ್ಯಾನಿನ ವಿಷಯದಲ್ಲಿ ನಿಯಮಗಳು ನಮ್ಮ ಪರವಾಗಿಯೇ ಇವೆ. ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಅದು ದೂಡುವ ಗಾಳಿ ಅರ್ಧವಾಗುತ್ತದೆ, ಅದು ಬೇಡುವ ಶಕ್ತಿ ಎಂಟನೆಯ ಒಂದು ಭಾಗಕ್ಕಿಳಿಯುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಡೆಸಿಬೆಲ್ ಎಂಬುದು ಸಾದಾ ಲೆಕ್ಕವಲ್ಲವೆಂದು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. 10 ಡೆಸಿಬೆಲ್ ತಗ್ಗಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಅರ್ಧವಾದಂತೆ ತೋರುತ್ತದೆ. ಸಮನಾದ ಎರಡು ಫ್ಯಾನುಗಳನ್ನು ಒಟ್ಟಿಗೆ ಹಚ್ಚಿದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಆದ್ದರಿಂದ ಅವಸರದಲ್ಲಿ ತಿರುಗುವ ಒಂದು ಚಿಕ್ಕ ಫ್ಯಾನಿಗಿಂತ ಸಾವಕಾಶವಾಗಿ ತಿರುಗುವ ಎರಡು ದೊಡ್ಡ ಫ್ಯಾನುಗಳು ಮೇಲು. 8 ಸೆಂ.ಮೀ. ಅಗಲದ ಹಳೆಯ ಫ್ಯಾನನ್ನು ತೆಗೆಸಿ, ಬೇರೊಂದು ಕ್ಯಾಬಿನೆಟ್ಟಿನಲ್ಲಿ 14 ಸೆಂ.ಮೀ. ಅಗಲದ ಎರಡನ್ನು ಹಾಕಿಸಿದೆ. ಅವು ನಿಮಿಷಕ್ಕೆ 1500 ಸುತ್ತು ತಿರುಗಬಲ್ಲವು, 900ಕ್ಕೆ ಇಳಿಸಿದೆವು. ಇಷ್ಟರಿಂದಲೇ ಫ್ಯಾನುಗಳ ಸದ್ದು ಲೆಕ್ಕದ ಪ್ರಕಾರ 11 ಡೆಸಿಬೆಲ್ ಇಳಿಯುತ್ತದೆ. ನಮ್ಮ ಎರೆಭೂಮಿಯ ಧೂಳು ಜಾಳಿಗೆಯಲ್ಲಿ ಕಟ್ಟಿಕೊಂಡರೆ ಈ ಲಾಭವೆಲ್ಲ ಹೋಗುತ್ತದೆ. ಗಾಳಿ ಒಳಗೆ ಬರಲು ತಿಣುಕಿದಷ್ಟೂ ಫ್ಯಾನು ಕಿರಿಚುತ್ತದೆ. ಆದ್ದರಿಂದ ಪ್ರತಿ ಹದಿನೈದು ದಿನಕ್ಕೊಮ್ಮೆ ಯಂತ್ರವನ್ನು ಆರಿಸಿ ಜಾಳಿಗೆ ಒರೆಸುವುದು ನನ್ನ ವ್ರತವಾಗಿದೆ.

ಎರಡನೆಯ ಸದ್ದು ಹಾರ್ಡ್ ಡಿಸ್ಕಿನದು. ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಗಳು ಈಗ ಸುಲಭವಾಗಿ ಸಿಗುತ್ತವೆ. ಯಂತ್ರ ನಡೆಸಲು ಒಂದನ್ನು ಹಾಕಿಸಿದ್ದೇನೆ. ಆದರೆ ಸಾವಿರಾರು ಚಿತ್ರಗಳನ್ನು ಎರಡೆರಡು ಪ್ರತಿಗಳಲ್ಲಿ ಕಾಪಿಡಲು ತಿರುಗುವ ಡಿಸ್ಕುಗಳೇ ಅಗ್ಗ. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120. ಇದು ತಂತಾನೇ ದೊಡ್ಡ ಸದ್ದಲ್ಲ. ಡಿಸ್ಕನ್ನು ಕೈಯಲ್ಲಿ ಹಿಡಿದರೆ ಕೇಳುವುದು ಅತ್ಯಲ್ಪ; ಸ್ಕ್ರೂ ಹಾಕಿ ತಗಡಿಗೆ ಬಿಗಿದೊಡನೆ ತಗಡೇ ಮಾತನಾಡತೊಡಗುತ್ತದೆ. ಸಿತಾರಿನ ತಂತಿಯ ಸಣ್ಣ ಕಂಪನವನ್ನು ಬುರುಡೆ ದೊಡ್ಡದು ಮಾಡುವಂತೆ. ಹೀಗಿರುವಾಗ ಪೆಟ್ಟಿಗೆಯೊಳಗೆ ಎಷ್ಟು ಮೆತ್ತನೆಯ ವಸ್ತು ತುಂಬಿದರೂ ಪ್ರಯೋಜನವಿಲ್ಲ. ಸದ್ದು ಗಾಳಿಯಲ್ಲಿ ಬರುತ್ತಿಲ್ಲ, ಲೋಹದಲ್ಲಿ ಬರುತ್ತಿದೆ. ಡಿಸ್ಕಿಗೂ ತಗಡಿಗೂ ನಡುವೆ ರಬ್ಬರಿನ ಬಿಲ್ಲೆಗಳನ್ನಿಟ್ಟು ಸ್ಕ್ರೂಗಳನ್ನು ಅತಿಯಾಗಿ ಬಿಗಿಯದೆ ಬಿಟ್ಟೆವು. ಬಿಗಿದು ರಬ್ಬರನ್ನು ಹಿಂಡಿಬಿಟ್ಟರೆ ಅದೂ ಕಲ್ಲಿನಂತೆಯೇ. ಪೆಟ್ಟಿಗೆಯ ನಾಲ್ಕು ಕಾಲುಗಳ ಕೆಳಗೂ ದಪ್ಪ ರಬ್ಬರನ್ನು ಕೊಟ್ಟೆವು.

ತಗಡಿನ ಬಾಗಿಲಿಗೆ ಬೇರೆಯೇ ಉಪಾಯ ಬೇಕಾಯಿತು. ಗುಡಿಯಲ್ಲಿ ಜಾಗಟೆ ಬಾರಿಸಿ ಅದರ ಮೈಗೆ ಅಂಗೈ ಒತ್ತಿದರೆ ನಾದ ಥಟ್ಟನೆ ನಿಲ್ಲುತ್ತದೆ. ಅಂಗೈ ಸದ್ದನ್ನು ತಡೆಯಲಿಲ್ಲ. ಲೋಹದ ಕಂಪನವನ್ನು ತನ್ನ ಮಾಂಸದಲ್ಲಿ ಸವೆಸಿ ಶಾಖವಾಗಿ ಕಳೆಯಿತು. ಸದಾ ಒತ್ತಿಕೊಂಡಿರುವ ಅಂಥ ಅಂಗೈಯೊಂದು ಬೇಕು. ಕಾರುಗಳ ಬಾಗಿಲೊಳಗೆ ಅಂಟಿಸುವ, ಹಿಂಬದಿಗೆ ಅಲ್ಯುಮಿನಿಯಂ ಹಾಳೆಯಿರುವ ಡಾಂಬರಿನಂಥ ಅಂಟು ಹಾಳೆ ಇದಕ್ಕೆಂದೇ ಇರುವ ವಸ್ತು. ಬೆಳಗಾವಿಯಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಯಿಂದ ತರಿಸಿದೆ. ತಗಡು ಬಾಗುವಾಗ ನಡುವಿನ ಅಂಟು ಎರಡು ಲೋಹಗಳ ಮಧ್ಯೆ ತಿಕ್ಕಿ ಕಂಪನವನ್ನು ನುಂಗುತ್ತದೆ. ಇಡೀ ಬಾಗಿಲಿಗೆ ಹಚ್ಚಬೇಕಾಗಿಲ್ಲ. ಅಂಚುಗಳು ಬಿಗಿದಿರುತ್ತವೆ, ಕುಣಿಯುವುದು ನಡುಭಾಗ. ಅಲ್ಲಿ ಎರಡು ಗೇಣಿನ ತುಂಡು ಸಾಕು. ಹಚ್ಚುವ ಮುಂಚೆ ಬೆರಳಿನಿಂದ ಬಾರಿಸಿದರೆ ಠಣ್ಣೆನ್ನುತ್ತಿದ್ದ ತಗಡು ಹಚ್ಚಿದ ಮೇಲೆ ಹಲಗೆ ತಟ್ಟಿದಂತೆ ದಪ್ಪೆಂದಿತು. ಬಾಗಿಲಿನ ಅಂಚಿಗೆ ತೆಳು ರಬ್ಬರ್ ಪಟ್ಟಿ ಕೊಟ್ಟಾಗ ಚಟಚಟವೂ ನಿಂತಿತು.

ಇಷ್ಟಾದ ಮೇಲೆ ಉಳಿದುದು ಪೆಟ್ಟಿಗೆಯೊಳಗಿನ ಗಾಳಿಯಲ್ಲಿ ಸುತ್ತಾಡುವ ಸದ್ದು. ಇದನ್ನು ಅರಿಯಬೇಕಾದರೆ ನಾವೆಲ್ಲ ಶಾಲೆಯ ಪ್ರವಾಸದಲ್ಲಿ ನೋಡಿದ ವಿಜಯಪುರದ ಗೋಳಗುಮ್ಮಟವನ್ನು ನೆನೆಯಬೇಕು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯ ಮೇಲಿನ ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮೇಲಿನ ಮೊಗಸಾಲೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಕೇಳುವುದೇಕೆಂದು ನೀವು ಕೇಳುತ್ತಿದ್ದಿರಿ. ಗಾರೆಯ ನುಣುಪಾದ ಗಟ್ಟಿ ಮೈ ಸದ್ದನ್ನು ಸ್ವಲ್ಪವೂ ಕುಡಿಯದೆ ಹಿಂದಿರುಗಿಸುತ್ತದೆ, ಅದಕ್ಕೆ. ತಗಡಿನ ಪೆಟ್ಟಿಗೆಯ ಒಳಗೂ ಇದೇ ನಡೆಯುತ್ತದೆ. ಅಂತರ ಚಿಕ್ಕದಾದ್ದರಿಂದ ಮರುದನಿ ಬೇರೆಯಾಗಿ ಕೇಳದೆ ಸದ್ದಿನ ಮೇಲೆ ಸದ್ದು ಪೇರಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ.

ಯಾವ ವಸ್ತು ಎಷ್ಟು ಸದ್ದನ್ನು ಕುಡಿಯುತ್ತದೆ ಎಂದು ಮೊದಲು ಕ್ರಮವಾಗಿ ಅಳೆದವರು ಅಮೆರಿಕದ ವಾಲೆಸ್ ಸಬೀನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಮಾತನಾಡಿದ್ದು ಐದೂವರೆ ಸೆಕೆಂಡು ಗುಂಯ್‌ಗುಡುತ್ತ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಹೊಣೆ ಈ ತರುಣ ಭೌತಶಾಸ್ತ್ರ ಅಧ್ಯಾಪಕನ ಮೇಲೆ ಬಿತ್ತು. ಊರು ಮಲಗಿದ ಮೇಲೆ, ನಡುರಾತ್ರಿಯಲ್ಲಿ, ಹತ್ತಿರದ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಒಂದೊಂದಾಗಿ ಹರಡುತ್ತ, ಪ್ರತಿ ಸಲವೂ ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆದರು; ಬೆಳಗಾಗುವ ಮೊದಲು ಮೆತ್ತೆಗಳನ್ನು ಹಿಂದಕ್ಕೆ ಒಯ್ದಿಟ್ಟರು. ತೆರೆದ ಕಿಟಕಿಯನ್ನು ಅವರು ಅಳತೆಗೋಲಾಗಿ ಇಟ್ಟುಕೊಂಡರು, ಏಕೆಂದರೆ ಅದರೊಳಗೆ ಹೋದ ಸದ್ದು ಮರಳಿ ಬರುವುದಿಲ್ಲ. 1900ರಲ್ಲಿ ತೆರೆದ ಬೋಸ್ಟನ್ನಿನ ಸಿಂಫನಿ ಹಾಲನ್ನು ಅವರ ಲೆಕ್ಕದಂತೆ ಕಟ್ಟಿದರು. ಮೆತ್ತೆ ಹೊತ್ತು ಅಳೆಯುವ ಈ ತಾಳ್ಮೆಯೇ ವಿಜ್ಞಾನವೆಂದು ನಾನು ಪಾಠದಲ್ಲಿ ಹೇಳುತ್ತ ಬಂದವನು. ಮನೆಯಲ್ಲಿ ಅದನ್ನೇ ಮಾಡಿದೆ.

ಪಡಸಾಲೆಯ ಕಟ್ಟೆಯ ಮೇಲೆ ಥರ್ಮೊಕೋಲ್, ಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆ, ಗಾದಿಯ ಫೋಮು, ಅರಳೆ, ತೆಂಗಿನ ನಾರು ಮತ್ತು ಕಂಬಳಿ ಇವಿಷ್ಟನ್ನೂ ಸಾಲಾಗಿ ಇಟ್ಟುಕೊಂಡೆ. ಇವುಗಳ ಗುಣ ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ವಸ್ತುವನ್ನು ಬಾಯಿಗೆ ಒತ್ತಿ ಹಿಡಿದು ಊದಬೇಕು. ಉಸಿರು ಹೋಗಲೇಬಾರದು ಎಂದರೆ ಸದ್ದೂ ಒಳಹೊಕ್ಕದೆ ಹಿಂದಿರುಗುತ್ತದೆ. ಉಸಿರು ಸಲೀಸಾಗಿ ಹೋದರೆ ಸದ್ದೂ ಸಲೀಸಾಗಿ ಹಾದುಹೋಗುತ್ತದೆ. ಸ್ವಲ್ಪ ಬಲ ಹಾಕಿದಾಗ ಹೋಗಬೇಕು. ಆ ಇಕ್ಕಟ್ಟಿನ ದಾರಿಗಳಲ್ಲಿ ಗಾಳಿ ತಿಕ್ಕಾಡಿ ಸದ್ದು ಸವೆಯುತ್ತದೆ. ಥರ್ಮೊಕೋಲ್ ಇಲ್ಲಿಯೇ ಸೋತಿತು. ಅದರ ಗುಳ್ಳೆಗಳು ಮುಚ್ಚಿದ ಗುಳ್ಳೆಗಳು, ಶಾಖವನ್ನು ತಡೆಯುತ್ತವೆ, ಸದ್ದನ್ನು ಕುಡಿಯುವುದಿಲ್ಲ. ಮೊಟ್ಟೆಯ ತಟ್ಟೆಯನ್ನು ಎಷ್ಟೋ ಜನ ಧ್ವನಿಮುದ್ರಣದ ಕೋಣೆಗಳ ಗೋಡೆಗೆ ಅಂಟಿಸುತ್ತಾರೆ. ರಟ್ಟು ತೆಳುವಾದ್ದರಿಂದ ಅದು ಮಾಡುವ ಕೆಲಸ ಅತ್ಯಲ್ಪ. ಮೇಲಾಗಿ ಬೆಂಕಿಗೆ ಸುಲಭದ ತುತ್ತು. ಅರಳೆ ಚೆನ್ನಾಗಿ ಹೀರುತ್ತದೆ, ಆದರೆ ಎಳೆ ಬಿಟ್ಟು ಫ್ಯಾನಿಗೆ ಸುತ್ತಿಕೊಳ್ಳುತ್ತದೆ, ಕಿಡಿ ತಗುಲಿದರೆ ಮುಗಿಯಿತು. ನಾರಿಗೆ ಗೇಣು ದಪ್ಪ ಬೇಕು. ಗಾದಿಯ ಫೋಮು ಉಸಿರಿನ ಪರೀಕ್ಷೆಯಲ್ಲಿ ಗೆದ್ದಿತು. ಆದರೆ ಅದೂ ಉರಿಯುವ ವಸ್ತು, ಉರಿದರೆ ವಿಷದ ಹೊಗೆ, ಮತ್ತು ಬಿಸಿಯಲ್ಲಿ ಕೆಲವು ವರ್ಷ ಕಳೆದರೆ ಪುಡಿಪುಡಿಯಾಗಿ ಉದುರುತ್ತದೆ. ಬೆಂಕಿಗೆ ಬಗ್ಗದ ಮೆಲಮೈನ್ ಫೋಮು ಒಳ್ಳೆಯದು. ದೊಡ್ಡ ಊರುಗಳಲ್ಲಿರುವವರು ಅದನ್ನೇ ಕೊಳ್ಳಬಹುದು.

ಕೊನೆಗುಳಿದುದು ಕಂಬಳಿ. ನಮ್ಮ ದಖ್ಖನಿ ಕುರಿಯ ಒರಟು ಉಣ್ಣೆಯದು, ಹುಣಸೆ ಬೀಜದ ಗಂಜಿ ಕುಡಿದು ಬಿಗಿಯಾದುದು, ತಂದೆಯವರ ಕಾಲದ್ದು. ಅಂಚು ಹರಿದಿತ್ತು. ಎರಡು ಮಡಿಕೆ ಮಾಡಿ ಊದಿದರೆ ಉಸಿರು ಬೇಕಾದಷ್ಟೇ ಪ್ರಯಾಸದಿಂದ ಹೋಗುತ್ತದೆ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಹೊತ್ತಿದರೂ ಬೆಂಕಿ ತೆಗೆದೊಡನೆ ತಾನೇ ನಂದುತ್ತದೆ. ಒಂದು ಎಳೆಯನ್ನು ಅಂಗಳದಲ್ಲಿ ಸುಟ್ಟು ನೋಡಿಯೇ ನಂಬಿದೆ. ತುಂಡು ಕತ್ತರಿಸಲು ಮನಸ್ಸು ಹಿಂಜರಿದಾಗ ಅಕ್ಕನೇ ಕತ್ತರಿ ಹಿಡಿದಳು. "ಅಪ್ಪನ ಕಂಬಳಿ ಟ್ರಂಕಿನ್ಯಾಗ ನುಸಿ ತಿನ್ನೂಕಿಂತ ಇದs ಚಲೋ" ಎಂದು, ಎಳೆ ಬಿಚ್ಚಿಕೊಳ್ಳದಂತೆ ನಾಲ್ಕೂ ಅಂಚು ಹೊಲಿದುಕೊಟ್ಟಳು. ರಂಧ್ರಗಳಿಲ್ಲದ ಪಕ್ಕದ ಬಾಗಿಲಿಗೂ ಮುಚ್ಚಿದ ಚಾವಣಿಗೂ ಮಾತ್ರ ಅದನ್ನು ಪ್ಲಾಸ್ಟಿಕ್ ಪಟ್ಟಿಗಳಿಂದ ಅಲುಗದಂತೆ ಕಟ್ಟಿದೆವು. ವಿದ್ಯುತ್ ಪೂರೈಕೆಯ ಡಬ್ಬಿಯಿಂದಲೂ ಸರ್ಕ್ಯೂಟು ಹಲಗೆಗಳಿಂದಲೂ ಎರಡು ಬೆರಳು ದೂರ. ಗಾಳಿಯ ಕಂಡಿಗಳನ್ನು ಮುಟ್ಟಲಿಲ್ಲ.

ಈಗ ಸತ್ಯವಾದ ಲೆಕ್ಕ ಹೇಳುತ್ತೇನೆ. ಫೋನಿನಲ್ಲಿ ಸದ್ದನ್ನು ಅಳೆಯುವ ಸೌಲಭ್ಯ ನಿಖರವಲ್ಲ; ಆದರೆ ಒಂದೇ ಜಾಗದಲ್ಲಿಟ್ಟು ಮೊದಲಿನದಕ್ಕೂ ಆಮೇಲಿನದಕ್ಕೂ ಹೋಲಿಸಲು ಸಾಕು. ಒಂದು ಮೊಳ ದೂರದಲ್ಲಿ ಮೊದಲು 45 ತೋರಿಸುತ್ತಿತ್ತು. ಫ್ಯಾನು ಬದಲಿಸಿದಾಗ 38, ರಬ್ಬರ್ ಕೊಟ್ಟಾಗ 35, ಅಂಟು ಹಾಳೆ ಹಚ್ಚಿದಾಗ 34. ಕಂಬಳಿ ಕಟ್ಟಿದಾಗ ಇಳಿದುದು ಒಂದೇ ಒಂದು, 33. ಊರೆಲ್ಲ ಹೆಸರಾದ ಕಂಬಳಿಯ ಪಾಲು ಇಷ್ಟೇ. ಇದು ಕಂಬಳಿಯ ದೋಷವಲ್ಲ, ಅಲೆಯ ಉದ್ದದ ನಿಯಮ. ಗೋಡೆಗೆ ಒರಗಿದ ಮೆತ್ತನೆಯ ವಸ್ತು ಚೆನ್ನಾಗಿ ಕುಡಿಯಬೇಕಾದರೆ ಅದರ ದಪ್ಪ ಅಲೆಯ ಉದ್ದದ ಕಾಲುಭಾಗಕ್ಕೆ ಹತ್ತಿರವಿರಬೇಕು. 4000 ಹರ್ಟ್ಸಿನ ಅಲೆ ಎಂಟೂವರೆ ಸೆಂ.ಮೀ.; ಕಾಲುಭಾಗ ಎರಡು ಸೆಂ.ಮೀ. ಚಿಲ್ಲರೆ. ಆದರೆ ಡಿಸ್ಕಿನ 120 ಹರ್ಟ್ಸಿನ ಅಲೆ 2.8 ಮೀಟರ್, ಅದರ ಕಾಲುಭಾಗ 70 ಸೆಂ.ಮೀ. ಅಷ್ಟು ದಪ್ಪ ಕಂಬಳಿ ಹಾಕಿದರೆ ಗಣಕಯಂತ್ರಕ್ಕೆ ಜಾಗವೆಲ್ಲಿ? ಒಂದು ಸೆಂ.ಮೀ. ಕಂಬಳಿ ಸುಯ್ಯೆನ್ನುವ ಮೇಲಿನ ಸ್ವರಗಳನ್ನಷ್ಟೇ ತಗ್ಗಿಸುತ್ತದೆ. ಅಕ್ಕನ ಮಾತನ್ನು ನುಂಗುತ್ತಿದ್ದ ತಗ್ಗಿನ ಗುಂಯ್‌ಕಾರವನ್ನು ಅಡಗಿಸಿದ್ದು ನಾಲ್ಕಾಣೆ ಅಗಲದ ರಬ್ಬರ್ ಬಿಲ್ಲೆಗಳು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಒಳಗಿನ ಶಾಖವನ್ನು ದಿನವೂ ನೋಡುತ್ತಿದ್ದೆ. ಮೂರು ನಾಲ್ಕು ಡಿಗ್ರಿ ಏರಿತ್ತು, ಅಪಾಯದ ಮಟ್ಟಕ್ಕೆ ಹೋಗಲಿಲ್ಲ. ಪೆಟ್ಟಿಗೆಯನ್ನು ಗೋಡೆಯ ಮೂಲೆಯಿಂದ ಈಚೆಗೆ ಸರಿಸಿದ್ದರಿಂದಲೂ ಉಪಕಾರವಾಯಿತು. ಮೂಲೆಯು ತಗ್ಗಿನ ಸ್ವರಗಳನ್ನು ಒಟ್ಟುಗೂಡಿಸಿ ಕೋಣೆಗೆ ಎಸೆಯುತ್ತದೆ.

ಅಕ್ಕ ಮತ್ತೆ ಬಂದು ಕುಳಿತಳು. ಈಗ ಊಟವಾದ ಮೇಲೆ ಒಂದು ತಾಸು ನಮ್ಮ ಕೆಲಸ ನಡೆಯುತ್ತದೆ. ಇನ್ನೂರಕ್ಕೂ ಮಿಕ್ಕಿ ಚಿತ್ರಗಳಿಗೆ ಹೆಸರು ಬಂದಿವೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚಕ್ಕಡಿಯ ಮುಂದೆ ನಿಂತ ಹನ್ನೊಂದು ಜನರ ಚಿತ್ರವೊಂದಿದೆ. ನನಗೆ ಮೂವರು ಮಾತ್ರ ಗೊತ್ತಿದ್ದರು. ಅಕ್ಕ ಹನ್ನೊಂದು ಜನರನ್ನೂ ಹೇಳಿ, ಚಕ್ಕಡಿಗೆ ಕಟ್ಟಿದ ಎರಡು ಎತ್ತುಗಳ ಹೆಸರನ್ನೂ ಹೇಳಿದಳು. ತುದಿಯಲ್ಲಿ ನಿಂತ, ಮುಖ ಅರ್ಧ ಮಾತ್ರ ಕಾಣುವ ಹುಡುಗಿ ಯಾರೆಂದು ಕೇಳಿದೆ. ಮೂರು ವರ್ಷ ನನ್ನನ್ನು ಎತ್ತಿ ಆಡಿಸಿ, ಹದಿನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ ನಮ್ಮ ನಡುವಿನ ಅಕ್ಕ ಅವಳು. ಅವಳ ಚಿತ್ರವೊಂದು ಇದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮನೆಯಲ್ಲಿ ಹಿರಿಯರಿರುವ ನನ್ನ ವಿದ್ಯಾರ್ಥಿಗಳಿಗೆ ಮತ್ತು ಬಂಧುಗಳಿಗೆ ಒಂದು ಮಾತು. ಅವರಿಗೆ ಕೇಳುವುದಿಲ್ಲವೆಂದು ದನಿಯೇರಿಸುವ ಮುಂಚೆ ಕೋಣೆಯಲ್ಲಿ ಏನೇನು ಸದ್ದು ಮಾಡುತ್ತಿದೆ ನೋಡಿರಿ: ಮಿಕ್ಸರ್, ಟಿ.ವಿ., ಕೂಲರ್, ಚಾವಣಿಯ ಫ್ಯಾನು, ಗಣಕಯಂತ್ರ. ಕೂಗಿದರೆ ಏರುವುದು ಸ್ವರಾಕ್ಷರಗಳೇ ಹೊರತು ಅವರಿಗೆ ಬೇಕಾದ ವ್ಯಂಜನಗಳಲ್ಲ. ಆರಿಸಬಹುದಾದುದನ್ನು ಆರಿಸಿ, ಎದುರಿಗೆ ಕುಳಿತು, ಸಾವಕಾಶವಾಗಿ ಕೇಳಿರಿ. ಟ್ರಂಕಿನಲ್ಲಿ ಹಳೆಯ ಚಿತ್ರಗಳಿದ್ದರೆ ಈ ರಜೆಯಲ್ಲೇ ಹೊರಗೆ ತೆಗೆಯಿರಿ.